ಕಿವಿಯ ಸಾಕ್ಷಿ ಎಷ್ಟು ಪ್ರಮಾಣ?

2022ರ ಜುಲೈನಲ್ಲಿ ಅಮೆರಿಕದ ಫೀನಿಕ್ಸ್ ನಗರದ ರೆಕಾರ್ಡ್ ಅಂಗಡಿಯ ಮಾಲೀಕನೊಬ್ಬ ಒಂದು ವಿಡಿಯೊ ಹರಿಬಿಟ್ಟ. ಮೊಬೈಲ್ ಫಿಡೆಲಿಟಿ ಎಂಬ ಹೆಸರಾಂತ ಕಂಪನಿಯ ದುಬಾರಿ ವಿನೈಲ್ ತಟ್ಟೆಗಳು ಜನ ನಂಬಿರುವಂತೆ ಪೂರ್ತಿ ಅನಲಾಗ್ ಅಲ್ಲವಂತೆ, ನಡುವೆ ಡಿಜಿಟಲ್ ಹಂತವೊಂದು ಇದೆಯಂತೆ ಎಂಬುದು ಅವನ ಮಾತಿನ ತಿರುಳು. ಕೆಲವೇ ದಿನಗಳಲ್ಲಿ ಕಂಪನಿಯ ಎಂಜಿನಿಯರುಗಳೇ ಅದನ್ನು ಒಪ್ಪಿಕೊಂಡರು. 2011ರಷ್ಟು ಹಿಂದಿನಿಂದಲೂ ಹಲವು ತಟ್ಟೆಗಳಿಗೆ ಮೂಲ ಟೇಪನ್ನು ಮೊದಲು ಡಿಜಿಟಲ್ ಕಡತಕ್ಕೆ ಇಳಿಸಿಕೊಂಡು, ಆಮೇಲೆ ಅದರಿಂದ ತಟ್ಟೆ ಕೊರೆಯುತ್ತಿದ್ದರು.

ಇದರಲ್ಲೇನು ಮಹಾ ಎನ್ನಿಸಬಹುದು. ಆದರೆ ಈ ತಟ್ಟೆಗಳಲ್ಲಿ ಕೆಲವಕ್ಕೆ ನೂರು ಡಾಲರಿಗೂ ಮೇಲೆ ಕೊಟ್ಟು ಕೊಂಡವರು ಸಾಮಾನ್ಯ ಕೇಳುಗರಲ್ಲ. ಹಾಡು ಒಮ್ಮೆ ಡಿಜಿಟಲ್ ಆಯಿತೆಂದರೆ ಅದರ ಜೀವ ಹೋಯಿತು, ಅದು ತಮ್ಮ ಕಿವಿಗೆ ತಟ್ಟನೆ ಗೊತ್ತಾಗುತ್ತದೆ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದವರು. ಅಂಥವರೇ ಈ ತಟ್ಟೆಗಳನ್ನು ಅನಲಾಗ್ ಧ್ವನಿಗೆ ಮಾದರಿ ಎಂದು ಹೊಗಳಿದ್ದರು. ಒಂದು ದಶಕಕ್ಕೂ ಹೆಚ್ಚು ಕಾಲ ಒಂದು ಕಿವಿಯೂ ಗುಟ್ಟು ಹಿಡಿಯಲಿಲ್ಲ. ಸಿಟ್ಟಿಗೆದ್ದ ಗ್ರಾಹಕರು ಕೋರ್ಟಿಗೆ ಹೋದರು, ಸುಮಾರು 2.5 ಕೋಟಿ ಡಾಲರಿನ ರಾಜಿಯಲ್ಲಿ ಪ್ರಕರಣ ಮುಗಿಯಿತು.

ಕೋರ್ಟಿನ ಲೆಕ್ಕ ಸುಲಭ. ಹೇಳಿದ್ದೊಂದು, ಕೊಟ್ಟದ್ದೊಂದು, ಆದ್ದರಿಂದ ಪರಿಹಾರ. ಕೇಳುಗನ ಲೆಕ್ಕ ಅಷ್ಟು ಸುಲಭವಲ್ಲ. ವಿಡಿಯೊ ಬಂದ ಮರುದಿನ ಆ ತಟ್ಟೆಯ ಒಂದು ಗೆರೆಯೂ ಬದಲಾಗಿರಲಿಲ್ಲ. ಹಿಂದಿನ ರಾತ್ರಿ ಅದೇ ತಟ್ಟೆ ಕೇಳಿ ಕಣ್ಣು ತೇವ ಮಾಡಿಕೊಂಡವನ ಆನಂದ ಸುಳ್ಳಾಗಿತ್ತೆ? ನನ್ನ ಮಟ್ಟಿಗೆ, ಆನಂದ ನಿಜ. ಆನಂದಕ್ಕೆ ಅವನು ಕೊಟ್ಟುಕೊಂಡಿದ್ದ ಕಾರಣ ಸುಳ್ಳು. ಹೈ-ಫೈ ಎಂಬ ಹವ್ಯಾಸದ ತಾತ್ವಿಕ ತೊಡಕುಗಳೆಲ್ಲ ಈ ಎರಡನ್ನು ಬೆರೆಸುವುದರಿಂದಲೇ ಹುಟ್ಟುತ್ತವೆ.

ಹವ್ಯಾಸದ ಪರಿಚಯವಿಲ್ಲದವರಿಗೆ ಎರಡು ಮಾತು. ಇವರು ಸಂಗೀತವನ್ನು ಅಡುಗೆ ಮಾಡುತ್ತಲೋ ಕಾರು ಓಡಿಸುತ್ತಲೋ ಕೇಳುವವರಲ್ಲ. ಎರಡು ಸ್ಪೀಕರು, ಒಂದು ಕುರ್ಚಿ, ಮೂರೂ ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿ. ಕಣ್ಣು ಮುಚ್ಚಿದರೆ ಗಾಯಕಿ ನಡುವೆ, ಪಿಟೀಲು ಅವಳ ಒಂದು ಪಕ್ಕ, ಮೃದಂಗ ಇನ್ನೊಂದು ಪಕ್ಕ ಕುಳಿತಂತೆ ಅನ್ನಿಸಬೇಕು. ಅದಕ್ಕಾಗಿ ಆ್ಯಂಪ್ಲಿಫೈಯರ್ ಬದಲಾಗುತ್ತದೆ, ಟರ್ನ್‌ಟೇಬಲ್ಲಿನ ಮುಳ್ಳು ಬದಲಾಗುತ್ತದೆ, ಕೊನೆಗೆ ತಂತಿಯೂ ಬದಲಾಗುತ್ತದೆ. ತಂತಿಯ ಹಂತಕ್ಕೆ ಬಂದಾಗ ಮನೆಯಲ್ಲಿ ಜಗಳ ಶುರುವಾಗುವುದು ವಾಡಿಕೆ.

ಹವ್ಯಾಸಿಗಳ ಒಳಗೂ ಜಗಳವಿದೆ. ನನ್ನ ಕಿವಿಗೆ ಕೇಳಿಸಿತು, ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು ಎನ್ನುವವರು ಒಂದು ಕಡೆ. ಅಳೆದು ತೋರಿಸು, ಇಲ್ಲವೇ ಕಣ್ಣು ಕಟ್ಟಿಕೊಂಡು ಗುರುತಿಸು ಎನ್ನುವವರು ಇನ್ನೊಂದು ಕಡೆ. ನಮ್ಮ ದರ್ಶನಗಳಲ್ಲಿ ಇದು ಬಹಳ ಹಳೆಯ ವ್ಯಾಜ್ಯ. ಮೀಮಾಂಸಕರ ಪ್ರಕಾರ ಜ್ಞಾನ ಸ್ವತಃ ಪ್ರಮಾಣ. ಹುಟ್ಟಿದ ಅರಿವು ತನ್ನ ಬಲದಿಂದಲೇ ನಿಜವೆಂದು ನಿಲ್ಲುತ್ತದೆ, ಸುಳ್ಳೆನ್ನುವವನು ಪುರಾವೆ ತರಬೇಕು. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಅವರದು ಪರತಃ ಪ್ರಾಮಾಣ್ಯ: ಅರಿವನ್ನು ನಂಬಿ ಹೊರಟಾಗ ಕೆಲಸ ಕೈಗೂಡಿದರೆ ಆಗ ಅದು ನಿಜವೆಂದು ತಿಳಿಯುತ್ತದೆ. ದೂರದಲ್ಲಿ ಕಂಡದ್ದು ನೀರೋ ಬಿಸಿಲ್ಗುದುರೆಯೋ ಎಂಬುದು ಬೊಗಸೆಯೊಡ್ಡಿ ಕುಡಿದಾಗ ತೀರ್ಮಾನ. ಹೊಸ ತಂತಿ ಹಾಕಿದ ಮೇಲೆ ತಂಬೂರಿ ಬಿಡಿಬಿಡಿಯಾಗಿ ಕೇಳಿಸುತ್ತಿದೆ ಎಂದು ಕಣ್ಣರಳಿಸುವವನು, ತನಗೆ ಗೊತ್ತಿಲ್ಲದೆಯೇ, ಮೀಮಾಂಸಕ ಕುಮಾರಿಲಭಟ್ಟನ ಪಕ್ಷದವನು.

ಧ್ವನಿಯ ವಿಷಯದಲ್ಲಿ ಆ ಬೊಗಸೆ ಯಾವುದು? ಈವರೆಗೆ ಸಿಕ್ಕಿರುವುದರಲ್ಲಿ ನಂಬಬಹುದಾದದ್ದು ಕುರುಡು ಪರೀಕ್ಷೆ. ಜಯನಗರದ ನನ್ನ ಗೆಳೆಯರೊಬ್ಬರ ಮನೆಯಲ್ಲಿ ಏಪ್ರಿಲ್ ತಿಂಗಳ ಒಂದು ಭಾನುವಾರ ಅದು ನಡೆಯಿತು. ಅವರು ನಿವೃತ್ತ ಎಂಜಿನಿಯರು. ಆ್ಯಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ತಂತಿಗಳು ಎರಡು ಜೊತೆ: ಒಂದು ಎಸ್‌ಪಿ ರಸ್ತೆಯಲ್ಲಿ ಮೀಟರಿನ ಲೆಕ್ಕದಲ್ಲಿ ಕತ್ತರಿಸಿಕೊಂಡು ಬಂದದ್ದು, ಇನ್ನೊಂದು ಮಖಮಲ್ಲಿನ ಚೀಲದಲ್ಲಿ ವಿದೇಶದಿಂದ ಬಂದದ್ದು. ಹಿಂದೆ ಕುಳಿತು ತಂತಿ ಬದಲಿಸುವ ಕೆಲಸ ಅವರ ಸೋದರಳಿಯನದು. ಅವನು ಪ್ರತಿ ಸಲ ನಾಣ್ಯ ಚಿಮ್ಮಿ ಯಾವ ತಂತಿ ಎಂದು ನಿರ್ಧರಿಸಿ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು, ಮಾತಾಡಬಾರದು, ಕೆಮ್ಮಲೂಬಾರದು. ಸದ್ದಾಗುತ್ತದೆಂದು ಫ್ಯಾನು ನಿಂತಿತ್ತು. ಒಳಗಿನಿಂದ ಅವರ ಮನೆಯವರು, “ರೀ, ಆ ಹುಡುಗನ ಬೆನ್ನು ನೋಡಿ, ಬೆವರಿ ತೊಪ್ಪೆಯಾಗಿದೆ. ಫ್ಯಾನಾದ್ರೂ ಹಾಕಿ” ಎಂದರು. ಇವರು ಕಣ್ಣು ಬಿಡಲಿಲ್ಲ. ಕೇಳುತ್ತಿದ್ದದ್ದು ಮಲ್ಲಿಕಾರ್ಜುನ ಮನ್ಸೂರರ ಒಂದೇ ಆಲಾಪದ ಮೊದಲ ಅರ್ಧ ನಿಮಿಷ, ಮತ್ತೆ ಮತ್ತೆ.

ಕೊನೆಗೆ ಚೀಟಿ ತೆಗೆದು ತಾಳೆ ನೋಡಿದರೆ ಸರಿಯುತ್ತರ ಹೆಚ್ಚುಕಡಿಮೆ ಅರ್ಧದಷ್ಟು. ಅಂದರೆ ಅವರೂ ನಾಣ್ಯ ಚಿಮ್ಮಿಯೇ ಹೇಳಿದ್ದರೂ ಅಷ್ಟೇ ಬರುತ್ತಿತ್ತು. “ಇವತ್ತು ಕಿವಿ ಸರಿಯಿಲ್ಲ ಕಣಯ್ಯಾ” ಎಂದು ನಕ್ಕರು. ಪರೀಕ್ಷೆ ಮುಗಿದ ಮೇಲೆ ಮಖಮಲ್ಲಿನ ತಂತಿಯನ್ನೇ ಸಿಕ್ಕಿಸಿದರು, ಅದು ಈಗಲೂ ಅಲ್ಲೇ ಇದೆ. ಅವರನ್ನು ನಾನು ಗೇಲಿ ಮಾಡಲಾರೆ. ಗೊತ್ತಾದ ಮೇಲೂ ಅವರಿಗೆ ಅದೇ ಹಿತವಾಗಿ ಕೇಳಿಸುತ್ತದೆ, ಆ ಹಿತ ನಟನೆಯಲ್ಲ.

ಪ್ರಯೋಗಾಲಯಗಳು ಹೇಳುವುದೂ ಇದನ್ನೇ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ 40 ಮಂದಿಗೆ ನಾಲ್ಕು ಸ್ಪೀಕರುಗಳನ್ನು ಪರದೆಯ ಹಿಂದೆ ಒಮ್ಮೆ, ಕಣ್ಣೆದುರು ಒಮ್ಮೆ ಕೇಳಿಸಿ ಅಂಕ ಹಾಕಿಸಿದರು. ಅದರಲ್ಲೊಂದು ಚಿಕ್ಕ, ಅಗ್ಗದ ಸೆಟ್ಟು. ಕಾಣದಿದ್ದಾಗ ಅದಕ್ಕೆ ಬಿದ್ದಿದ್ದ ಅಂಕ, ಕಂಡ ಮೇಲೆ ಇಳಿಯಿತು. ಭಾಗವಹಿಸಿದವರು ಈ ಉದ್ಯಮದೊಳಗಿನ ಜನವೇ, ಹಾದಿಹೋಕರಲ್ಲ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಹೈ-ರೆಸಲ್ಯೂಶನ್ ಎಂದು ಮಾರಾಟವಾಗುವ ಧ್ವನಿಯ ಮಧ್ಯೆ ಮಾಮೂಲಿ ಸಿ.ಡಿ. ಗುಣಮಟ್ಟದ ಹಂತವೊಂದನ್ನು ತೂರಿಸಿ, ವ್ಯತ್ಯಾಸ ಹಿಡಿಯಿರಿ ಎಂದರು. 554 ಪ್ರಯತ್ನಗಳಲ್ಲಿ 276 ಸರಿ. ಇಲ್ಲೂ ಅದೇ ನಾಣ್ಯದ ಫಲಿತಾಂಶ. ಆದರೆ 2016ರಲ್ಲಿ ಜೋಶುವಾ ರೀಸ್ ಅಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಸರಿಯುತ್ತರ ಶೇ 52.3ಕ್ಕೆ ಬಂತು, ತರಬೇತಿ ಪಡೆದ ಕಿವಿಗಳದ್ದು ಇನ್ನಷ್ಟು ಮೇಲೆ. ಅಂದರೆ ವ್ಯತ್ಯಾಸ ಸೊನ್ನೆಯೇನಲ್ಲ. ಆದರೆ ಜಾಹೀರಾತಿನಲ್ಲಿ ಹೇಳುವ “ಪರದೆ ಸರಿದಂತೆ” ಎಂಬ ಅನುಭವ ಶೇ 52ರಲ್ಲಿ ಎಲ್ಲಿದೆಯೋ ನನಗಂತೂ ಕಾಣದು.

ಕಿವಿಯ ಪಕ್ಷದವರ ಒಂದು ಆಕ್ಷೇಪಣೆಯನ್ನು ಮಾತ್ರ ನಾನು ತಳ್ಳಿಹಾಕುವುದಿಲ್ಲ. ಪರೀಕ್ಷೆಗೆ ಕುಳಿತ ಮನಸ್ಸು ಸಂಗೀತಕ್ಕೆ ಕುಳಿತ ಮನಸ್ಸಲ್ಲ, ಅರ್ಧ ನಿಮಿಷದ ತುಣುಕಿನಲ್ಲಿ ರಾಗ ಇರುವುದಿಲ್ಲ ಎನ್ನುತ್ತಾರೆ ಅವರು. ಸರಿ. ಆದರೆ ಅದೇ ಮನುಷ್ಯ ಅಂಗಡಿಯಲ್ಲಿ ಹತ್ತೇ ಸೆಕೆಂಡು ಕೇಳಿ “ಅಬ್ಬಾ, ಏನು ವ್ಯತ್ಯಾಸ!” ಎಂದು ಕಾರ್ಡು ಉಜ್ಜುವಾಗ ಈ ಆಕ್ಷೇಪಣೆ ಎಲ್ಲಿರುತ್ತದೆ?

ಇಷ್ಟು ಹೊತ್ತು ಮಾತಾಡಿದ್ದು ವ್ಯತ್ಯಾಸ ಕೇಳಿಸುತ್ತದೆಯೇ ಎಂಬುದರ ಬಗ್ಗೆ. ಇದಕ್ಕಿಂತ ಆಳದ ಪ್ರಶ್ನೆ ಇನ್ನೊಂದಿದೆ. ಕೇಳಿಸಿದ್ದನ್ನು ಯಾವುದಕ್ಕೆ ಹೋಲಿಸಿ ಉತ್ತಮ ಎನ್ನುವುದು? ಹ್ಯಾರಿ ಪಿಯರ್ಸನ್ 1973ರಲ್ಲಿ ‘ದಿ ಆಬ್ಸೊಲ್ಯೂಟ್ ಸೌಂಡ್’ ಪತ್ರಿಕೆ ಶುರು ಮಾಡಿದಾಗ ಅದಕ್ಕೊಂದು ಖಚಿತ ಉತ್ತರ ಕೊಟ್ಟಿದ್ದ: ಮೈಕಿಲ್ಲದೆ, ನಿಜವಾದ ಜಾಗದಲ್ಲಿ ನುಡಿಯುವ ವಾದ್ಯದ ದನಿಯೇ ಒರೆಗಲ್ಲು. ಬ್ರಿಟನ್ನಿನ ಕ್ವಾಡ್ ಕಂಪನಿ ಮೂಲ ಧ್ವನಿಗೆ ಆದಷ್ಟೂ ಹತ್ತಿರ ಹೋಗುವುದನ್ನೇ ತನ್ನ ಧ್ಯೇಯವಾಕ್ಯ ಮಾಡಿಕೊಂಡಿತ್ತು. ಕೇಳಲು ಚೆಂದ. ಮೂಲ ಯಾವುದು ಎಂದು ಹುಡುಕಹೊರಟರೆ ಕಾಲಡಿಯ ನೆಲ ಜಾರುತ್ತದೆ.

ಮೂಲಕ್ಕೂ ಯಂತ್ರಕ್ಕೂ ವ್ಯತ್ಯಾಸವಿಲ್ಲವೆಂದು ಸಾಬೀತು ಮಾಡಲು ಎಡಿಸನ್ ಕಂಪನಿ 1915ರಿಂದ ಹತ್ತು ವರ್ಷ ಅಮೆರಿಕದ ಊರೂರುಗಳಲ್ಲಿ ಪ್ರದರ್ಶನ ನಡೆಸಿತು. ವೇದಿಕೆಯಲ್ಲಿ ಗಾಯಕಿ, ಪಕ್ಕದಲ್ಲಿ ಫೋನೋಗ್ರಾಫು. ಅವಳು ಹಾಡುತ್ತ ಹಾಡುತ್ತ ಬಾಯಿ ಮುಚ್ಚುತ್ತಾಳೆ, ಹಾಡು ಮುಂದುವರಿಯುತ್ತದೆ. ದೀಪ ಆರಿಸಿ, ಈಗ ಹಾಡುತ್ತಿರುವುದು ಯಾರು ಹೇಳಿ ಎನ್ನುತ್ತಾರೆ, ಸಭಿಕರು ತಬ್ಬಿಬ್ಬು. ಆ ಗಾಯಕಿಯರಲ್ಲಿ ಪ್ರಸಿದ್ಧಳಾದ ಆ್ಯನಾ ಕೇಸ್ ಮುಪ್ಪಿನಲ್ಲಿ ಗುಟ್ಟು ಬಿಟ್ಟುಕೊಟ್ಟಳು. ತನ್ನ ದನಿಯನ್ನೇ ಯಂತ್ರದ ದನಿಗೆ ಹೊಂದುವಂತೆ ತಗ್ಗಿಸಿ ಹಾಡುತ್ತಿದ್ದಳಂತೆ! ಪ್ರತಿ ಮೂಲಕ್ಕೆ ನಿಷ್ಠವಾಗಿರಲಿಲ್ಲ, ಮೂಲವೇ ಪ್ರತಿಗೆ ನಿಷ್ಠವಾಗಿತ್ತು.

ನಮ್ಮಲ್ಲೂ ಹಾಗೆಯೇ ಆಯಿತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನಳ ಹಾಡು ಮುದ್ರಿಸಿಕೊಂಡ. ಆಗ ಮೈಕಿಲ್ಲ, ವಿದ್ಯುತ್ ಮುದ್ರಣ ಬಂದದ್ದು 1925ರಲ್ಲಿ. ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಏರುದನಿಯಲ್ಲಿ ಹಾಡಬೇಕಿತ್ತು. ತಟ್ಟೆಯ ಆಯುಷ್ಯ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಸಬಲ್ಲ ಖಯಾಲನ್ನು ಅವಳು ಅಷ್ಟರಲ್ಲೇ ಮುಗಿಸಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳುತ್ತಿದ್ದಳು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯ ಕೆಲಸಗಾರರಿಗೆ ಯಾರ ಹಾಡೆಂದು ತಿಳಿಯಬೇಕಲ್ಲ. ಈ ಮಹಾ ಗಾಯಕಿ ಕೊನೆಗಾಲದಲ್ಲಿ ಮೈಸೂರು ಅರಸರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಅವಳ ತಟ್ಟೆಗಳನ್ನು ಇಂದು ಕೋಟಿ ರೂಪಾಯಿಯ ಸಲಕರಣೆಯಲ್ಲಿ ಹಾಕಿದರೂ ಕೇಳಿಸುವುದು ಮೆಹಫಿಲ್ಲಿನ ಗೌಹರ್ ಅಲ್ಲ, ಕಹಳೆಯ ಎದುರು ನಿಂತ ಗೌಹರ್. ಮೂರು ನಿಮಿಷದ ಆ ಹಾಡು ಕಹಳೆಗೆಂದೇ ಹುಟ್ಟಿದ್ದು, ಬೇರೆಲ್ಲೂ ಅದು ಇರಲಿಲ್ಲ.

ಪಿಯರ್ಸನ್ನನ ಒರೆಗಲ್ಲು ಬೆಂಗಳೂರಿನಲ್ಲಿ ಇನ್ನೂ ಕಷ್ಟ. ಮೈಕಿಲ್ಲದ ಕಾಲದಲ್ಲಿ ನಮ್ಮ ಸಂಗೀತಗಾರರು ದೂರದ ಸಾಲಿಗೆ ಕೇಳಿಸಲು ಪಟ್ಟ ಪಾಡು ಸಣ್ಣದಲ್ಲ. ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಬಿಗಿದದ್ದೇ ಆ ಕಾರಣಕ್ಕೆ. ಮೈಕು ಬಂದ ಮೇಲೆ ಕಂಠಗಳ ಸ್ವಭಾವವೇ ಬದಲಾಯಿತು, ಪಿಸುಗುಟ್ಟುವಷ್ಟು ಮೆಲ್ಲನೆ ಹಾಡಿಯೂ ಸಭೆ ಗೆಲ್ಲಬಹುದಾಯಿತು. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಯಲ್ಲಿ ಎದುರಿಗೇ ಕುಳಿತರೂ ನಮ್ಮ ಕಿವಿಗೆ ಬೀಳುವುದು ಸ್ಪೀಕರಿನ ದನಿ. ಮೃದಂಗದ ಮೈಕು ಅತಿಯಾಗಿದ್ದರೆ, ಮನೆಯ ಹೈ-ಫೈಯಲ್ಲಿ ಸಮವಾಗಿ ಕೇಳಿಸುವ ಮೃದಂಗ ನಿಜವೋ, ಎದುರಿಗೆ ಎದೆ ನಡುಗಿಸಿದ್ದು ನಿಜವೋ? ಒಳಗಿನ ಚಿಕ್ಕ ಕೋಣೆಯ ಬೈಠಕ್ಕಿನಲ್ಲಿ, ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲೆಳೆ ಸರಿಸಿದಾಗ ನಾದ ಅರಳುವುದನ್ನು ಒಮ್ಮೆಯಾದರೂ ಬರಿಗಿವಿಯಲ್ಲಿ ಕೇಳಿದ ಹವ್ಯಾಸಿಗಳು ಎಷ್ಟು ಮಂದಿ ಇದ್ದಾರೋ! ಕೇಳದಿದ್ದವರಿಗೂ ತಮ್ಮ ಸ್ಪೀಕರಿನಲ್ಲಿ ತಂಬೂರಿ “ಸಹಜವಾಗಿದೆ” ಎಂಬುದು ಮಾತ್ರ ಗೊತ್ತು.

ಇನ್ನು ಸ್ಟುಡಿಯೋದಲ್ಲಿ ಮೂಲವೆಂಬ ಘಟನೆಯೇ ನಡೆದಿರುವುದಿಲ್ಲ. ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ ಕಛೇರಿಗೆ ಕೈ ಮುಗಿದು ರೆಕಾರ್ಡಿಂಗನ್ನೇ ನಂಬಿಕೊಂಡ. ಬಾಖನ ಎ ಮೈನರ್ ಫ್ಯೂಗನ್ನು ಹಲವು ಸಲ ನುಡಿಸಿ, ಆರನೆಯದನ್ನೂ ಎಂಟನೆಯದನ್ನೂ ಕತ್ತರಿಸಿ ಅಂಟಿಸಿ, ತಾನು ಒಮ್ಮೆಯೂ ಹಾಗೆ ನುಡಿಸದ ಒಂದು ವಾದನವನ್ನು ಸೃಷ್ಟಿಸಿದ. ಅದನ್ನು ಮುಚ್ಚಿಡಲೂ ಇಲ್ಲ, ಹೆಮ್ಮೆಯಿಂದ ಬರೆದುಕೊಂಡ. ಇವತ್ತಿನ ಸಿನಿಮಾ ಹಾಡಿನಲ್ಲಿ ಗಾಯಕಿ ಒಂದು ಊರಿನಲ್ಲಿ, ಕೊಳಲು ಇನ್ನೊಂದು ಊರಿನಲ್ಲಿ, ತಾಳ ಕಂಪ್ಯೂಟರಿನಲ್ಲಿ. ಅವರು ಒಟ್ಟಿಗೆ ಕುಳಿತ ಜಾಗವನ್ನು “ಯಥಾವತ್ತಾಗಿ” ಕಟ್ಟಿಕೊಡುವ ಸ್ಪೀಕರು ಏನನ್ನು ಕಟ್ಟಿಕೊಡುತ್ತಿದೆ? ಹೆಚ್ಚೆಂದರೆ ಹಾಡನ್ನು ಮಿಕ್ಸ್ ಮಾಡಿದ ಎಂಜಿನಿಯರು ತನ್ನ ಕೋಣೆಯಲ್ಲಿ, ತನ್ನ ಸ್ಪೀಕರಿನಲ್ಲಿ ಕೇಳಿದ್ದನ್ನು. ಅವನ ಸ್ಪೀಕರು ಸರಿಯಿತ್ತು ಎಂಬುದಕ್ಕೇನು ಆಧಾರ? ಬೇರೆ ಹಾಡುಗಳು ಅದರಲ್ಲಿ ಚೆನ್ನಾಗಿ ಕೇಳಿಸಿದ್ದವು. ಆ ಹಾಡುಗಳು ಸರಿಯಿದ್ದವು ಎಂಬುದಕ್ಕೆ? ಮತ್ತೊಂದು ಸ್ಪೀಕರು. ಟೂಲ್ ಇದನ್ನು ಗೊಂದಲದ ವರ್ತುಲ ಎಂದು ಕರೆದ. ನಮ್ಮ ತಾರ್ಕಿಕರು ಅನ್ಯೋನ್ಯಾಶ್ರಯ ದೋಷ ಎಂದಾರು.

ಹಾಗಾದರೆ ಸುಧಾರಣೆ ಎಂಬುದೇ ಇಲ್ಲವೇ? ಇದೆ, ಧಾರಾಳವಾಗಿದೆ. ಅದು ಹವ್ಯಾಸಿಗಳು ಹುಡುಕುವ ಜಾಗದಲ್ಲಿಲ್ಲ. ಸಿ.ಡಿ.ಯ 16 ಬಿಟ್ ಧ್ವನಿಗೆ ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನವರೆಗೆ ಸುಮಾರು 96 ಡೆಸಿಬಲ್ ಹರವು. 24 ಬಿಟ್ಟಿಗೆ ಲೆಕ್ಕದ ಮೇಲೆ 144. ನಗರದ ಒಂದು ಕೋಣೆಯಲ್ಲಿ ಫ್ಯಾನು ತಿರುಗುತ್ತಿರುವಾಗ ಹಿನ್ನೆಲೆಯ ಗದ್ದಲವೇ 40 ಡೆಸಿಬಲ್ಲಿನ ಆಸುಪಾಸು. ಅದರ ಮೇಲೆ 96 ಕೂಡಿಸಿದರೆ 136, ಅಂದರೆ ಕಿವಿ ನೋಯುವ ಮಟ್ಟ. ಸಿ.ಡಿ.ಯ ಹರವನ್ನೇ ಪೂರ್ತಿ ಬಳಸಲಾಗದ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಹರವಿಗೆ ದುಡ್ಡು ಸುರಿಯುವುದು ಯಾವ ನ್ಯಾಯ? ಅದೇ ರೀತಿ ಸೆಕೆಂಡಿಗೆ 44,100 ಮಾದರಿ ತೆಗೆಯುವ ಸಿ.ಡಿ. 20,000 ಹರ್ಟ್ಸ್‌ವರೆಗಿನ ಸ್ವರವನ್ನು ಪೂರ್ತಿ ಹಿಡಿದಿಡುತ್ತದೆ. ಈ ಹವ್ಯಾಸಕ್ಕೆ ದುಡ್ಡು ಒದಗುವ ವಯಸ್ಸಿನಲ್ಲಿ ಕಿವಿ ಅಷ್ಟು ಎತ್ತರಕ್ಕೆ ಏರುವುದನ್ನು ಎಂದೋ ಬಿಟ್ಟಿರುತ್ತದೆ.

ಕೋಣೆಯ ಪ್ರಭಾವ ಇದಕ್ಕೆಲ್ಲ ಮಿಗಿಲು. ಹನ್ನೆರಡಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಸ್‌ನ ಸದ್ದು ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡು ಉಬ್ಬುತ್ತದೆ. ಬೇಸ್ ಗಿಟಾರಿನ ಕೆಳಗಿನ ಸ್ವರಗಳು ಇರುವುದು ಅಲ್ಲೇ. ಗೋಡೆಗೊರಗಿ ಕುಳಿತರೆ ಅದು ಗುಂಯ್ ಎನ್ನುತ್ತದೆ, ಕೋಣೆಯ ನಡುವಿಗೆ ಬಂದರೆ ಮಾಯವಾಗುತ್ತದೆ. ಈ ವ್ಯತ್ಯಾಸ ಕೇಳಲು ತರಬೇತಿ ಬೇಡ, ನಂಬಿಕೆಯೂ ಬೇಡ. ಕುರ್ಚಿ ಎಳೆದರೆ ಸಾಕು. ಆದರೂ ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟುಗಳ ಬಗ್ಗೆ ಉತ್ಸಾಹದಿಂದ ಮಾತಾಡುವ ಹವ್ಯಾಸಿ ಅಪರೂಪ. ಜಮಖಾನವನ್ನು ಮಖಮಲ್ಲಿನ ಚೀಲದಲ್ಲಿ ಯಾರೂ ಮಾರುವುದಿಲ್ಲವಲ್ಲ!

ಅಭಿನವಗುಪ್ತ ನಾಟಕದ ಸಂದರ್ಭದಲ್ಲಿ ರಸಾನುಭವಕ್ಕೆ ಏಳು ವಿಘ್ನಗಳನ್ನು ಪಟ್ಟಿ ಮಾಡುತ್ತಾನೆ. ಗ್ರಹಿಸುವ ಉಪಕರಣದ ಕೊರತೆ ಒಂದು, ಸ್ಫುಟತೆ ಇಲ್ಲದಿರುವುದು ಇನ್ನೊಂದು. ಹೈ-ಫೈ ಇವೆರಡನ್ನೂ ನಿವಾರಿಸುತ್ತದೆ, ಅದು ಆ ಹವ್ಯಾಸದ ನಿಜವಾದ ಸಾಧನೆ. ಗದ್ದಲದಲ್ಲಿ ಕಳೆದುಹೋಗುತ್ತಿದ್ದ ಮುರ್ಕಿಯೊಂದು ಒಳ್ಳೆಯ ಸ್ಪೀಕರಿನಲ್ಲಿ ಮೊದಲ ಸಲ ಕೇಳಿಸಿದಾಗ ಆಗುವ ಸಂತೋಷವನ್ನು ಯಾವ ನೈಯಾಯಿಕನೂ ಅಲ್ಲಗಳೆಯಲಾರ. ಆದರೆ ಪಟ್ಟಿಯಲ್ಲಿ ಮುಖ್ಯವಲ್ಲದ್ದು ಮೇಲೆ ಬಂದು ಕೂರುವುದೂ, ಸಂಶಯ ಕಾಡುವುದೂ ಇವೆ. ದುಡ್ಡು ಸುರಿದು ಮೊದಲಿನ ಎರಡನ್ನು ಓಡಿಸಿದವನು, ಹಾಡು ಕೇಳುತ್ತ ಕುಳಿತಾಗ “ಈ ಎತ್ತರದ ಸ್ವರ ಸ್ವಲ್ಪ ಚೂಪಾಯಿತೇ, ಆ್ಯಂಪ್ಲಿಫೈಯರ್ ಬದಲಿಸಬೇಕೇ” ಎಂದು ಯೋಚಿಸತೊಡಗಿದರೆ ಕೊನೆಯ ಎರಡನ್ನು ತಾನೇ ಬಾಗಿಲು ತೆರೆದು ಕರೆದಂತಾಯಿತು. ಇಡೀ ಹವ್ಯಾಸದ ಮೇಲೆ ಇದಕ್ಕಿಂತ ನಿಖರವಾದ ಟೀಕೆ ನನಗೆ ಎಲ್ಲೂ ಸಿಕ್ಕಿಲ್ಲ, ಬರೆದವನು ಸಾವಿರ ವರ್ಷ ಹಿಂದಿನವನಾದರೂ.

ಹೊಸದಾಗಿ ಈ ಹವ್ಯಾಸಕ್ಕೆ ಬರುವವರಿಗೆ ನನ್ನ ಕೋರಿಕೆ ಇಷ್ಟೆ. ದುಡ್ಡಿನ ಹೆಚ್ಚಿನ ಪಾಲನ್ನು ಸ್ಪೀಕರಿಗೆ ಇಡಿ, ಆಮೇಲೆ ಕೋಣೆಗೆ. ಅಂಗಡಿಯವರು ಎರಡು ಆ್ಯಂಪ್ಲಿಫೈಯರನ್ನೋ ಎರಡು ತಂತಿಯನ್ನೋ ಹೋಲಿಸಿ ಕೇಳಿಸಿದರೆ, ಎರಡು ಸಲವೂ ಸದ್ದಿನ ಮಟ್ಟ ಒಂದೇ ಇತ್ತೇ ಎಂದು ಮೊದಲು ವಿಚಾರಿಸಿ. ಒಂದು ಡೆಸಿಬಲ್ಲಿಗಿಂತ ಕಡಿಮೆ ಏರಿದರೂ ಅದು ಜೋರು ಎನ್ನಿಸದೆ ಚೆನ್ನ ಎನ್ನಿಸಿಬಿಡುತ್ತದೆ, ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಆಮೇಲೆ ಯಾವುದು ನುಡಿಯುತ್ತಿದೆ ಎಂದು ಹೇಳದೆ ಇನ್ನೊಮ್ಮೆ ಕೇಳಿಸಲು ಹೇಳಿ. ಒಪ್ಪದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳಿ.